ನನ್ನ ಮಂಗ್ಯಾ ಹಿಂಗ ನಗಂಗಿಲ್ಲ

ಹೋದ ವರ್ಷ ಕೊರಿಯರಿನವನು ಕೊಟ್ಟುಹೋದ ಪೆಟ್ಟಿಗೆಯೊಂದನ್ನು ಬಿಚ್ಚಿದರೆ ಒಳಗೆ ಒಂದು ಪಾಟಿ ಇತ್ತು. ಪಾಟಿ ಎಂದರೆ ಸ್ಲೇಟು. ನಮ್ಮ ಕಡೆ ಹಾಗೆನ್ನುತ್ತೇವೆ. ಗುಲಾಬಿ ಅಂಚಿನ ಪ್ಲಾಸ್ಟಿಕ್ ಪಾಟಿ, ಜೊತೆಗೊಂದು ಡಬ್ಬಿ ಬಳಪ. ಡಬ್ಬಿಯ ಮೇಲೆ ‘ವಿಷರಹಿತ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮಾಡಿದವರಿಗೆ ನಮ್ಮಂಥವರ ಗುಣ ಗೊತ್ತಿರಬೇಕು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಬಳಪದ ತುದಿಯನ್ನು ಕಟಕ್ಕನೆ ಕಡಿದೆ. ನಾನು ಹಲ್ಲಿನ ಡಾಕ್ಟರು. ಆಳಂದದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ದವಾಖಾನೆ. ಅದನ್ನು ಕಡಿಯಬೇಡ, ಇದನ್ನು ಅಗಿಯಬೇಡ ಎಂದು ದಿನವಿಡೀ ಮಕ್ಕಳಿಗೆ ಗದರಿಸುವುದೇ ನನ್ನ ಕಸುಬು. ಹಾಗಾಗಿ ಬಾಗಿಲು ಮುಂದೆ ಮಾಡಿಕೊಂಡೇ ತಿಂದೆ.

ಸಪ್ಪೆ ಬಳಪ. ಜೇವರ್ಗಿಯಲ್ಲಿ ನನ್ನ ಬಾಲ್ಯದ ಬಳಪಕ್ಕೆ ಹೊಸ ಗಡಿಗೆಯ ನೀರಿನ ರುಚಿ ಇತ್ತು. ಬರೆದದ್ದಕ್ಕಿಂತ ತಿಂದದ್ದೇ ಹೆಚ್ಚು. ನನ್ನ ಅಕ್ಷರ ಹೀಗಾಗಿರುವುದಕ್ಕೆ ಅದೇ ಕಾರಣವೆಂದು ಅವ್ವ ಈಗಲೂ ನಂಬಿದ್ದಾಳೆ. ನನ್ನ ಚೀಟಿಯನ್ನು ಓದಬಲ್ಲವನು ಇಡೀ ಆಳಂದದಲ್ಲಿ ಎದುರಿನ ಔಷಧದ ಅಂಗಡಿಯವನೊಬ್ಬನೇ. ಅವನೂ ಓದುವುದಿಲ್ಲ, ರೋಗಿಯ ದವಡೆ ನೋಡಿ ಊಹಿಸುತ್ತಾನೆ.

ಇಂಥ ನಾನು, ಬರೆಯಲು ಒದ್ದಾಡುವ ಮಗಳಿಗೆ ಬರವಣಿಗೆ ಕಲಿಸುವ ಪಾಠಕ್ರಮವೊಂದನ್ನು ಆರಿಸಲು ಹೊರಟಿದ್ದೆ. ಆ ಪೆಟ್ಟಿಗೆ ಅದರದೇ ಮಾದರಿ.

ಮಗಳ ಹೆಸರು ಗೌರಿ. ಆಗ ನಾಲ್ಕನೆಯ ಇಯತ್ತೆ. ಮಾತಿಗೆ ಕೂತರೆ, ಬಸ್ ಸ್ಟ್ಯಾಂಡಿನ ಮೈಕು ಕೆಟ್ಟ ದಿನ ಇವಳನ್ನು ಕರೆದೊಯ್ದು ಕೂರಿಸಬಹುದು ಎನ್ನುವಂತಹ ಹುಡುಗಿ. ಆದರೆ ಪೆನ್ಸಿಲು ಕೈಗೆ ಬಂತೆಂದರೆ ಎಲ್ಲ ನಿಂತುಹೋಗುತ್ತಿತ್ತು. ಒತ್ತಕ್ಷರಗಳು ದಾರಿಯಲ್ಲೆಲ್ಲೋ ಇಳಿದುಬಿಡುತ್ತಿದ್ದವು. ದೀರ್ಘಗಳು ತಮಗೆ ಬೇಕಾದಲ್ಲಿ ಹತ್ತುತ್ತಿದ್ದವು. ಇನ್ನೊಂದು ತೊಡಕೆಂದರೆ ಅವಳು ಮನೆಯಲ್ಲಿ ಆಡಿದಂತೆಯೇ ಬರೆಯುತ್ತಿದ್ದಳು. ಶಾಲೆಯಲ್ಲೊಮ್ಮೆ ‘ನಮ್ಮ ಮನೆ’ ಎಂದು ಪ್ರಬಂಧ ಕೊಟ್ಟರು. ಗೌರಿ “ನಮ್ಮ ಮನ್ಯಾಗ ಹಲ್ಲು ಕೀಳ್ತಾರ” ಎಂದು ಶುರುಮಾಡಿದ್ದಳು. ಅದಕ್ಕಿಂತ ಒಳ್ಳೆಯ ಮೊದಲ ಸಾಲು ನನಗಂತೂ ಹೊಳೆಯದು. ಟೀಚರು ಅದನ್ನು ಗಟ್ಟಿಯಾಗಿ ಓದಿದರು. ಹುಡುಗರು ನಕ್ಕರು, ಟೀಚರೂ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಸಾಲು ಹಾಗಿತ್ತು. ಆದರೆ ಯಾರು ಯಾಕೆ ನಕ್ಕರೆಂದು ತೂಗಿನೋಡುವ ವಯಸ್ಸಲ್ಲ ಅದು.

ಅಂದಿನಿಂದ ಮುಂಜಾನೆ ಹೊಟ್ಟೆನೋವು ಶುರುವಾಯಿತು. ಭಾನುವಾರ ಹೊಟ್ಟೆನೋವಿಗೂ ರಜೆ. ಮೊದಮೊದಲು ನಾನೂ ನಕ್ಕೆ. ಒಂದು ದಿನ ತಲೆ ಬಾಚುತ್ತಿದ್ದಾಗ ಕನ್ನಡಿಯೊಳಗೇ ನನ್ನನ್ನು ನೋಡುತ್ತ ಕೇಳಿದಳು:

“ಮಮ್ಮಿ, ನಾ ದಡ್ಡಿ ಇದ್ದೇನಿ. ಹೌದಿಲ್ಲ?”

ಹಣಿಗೆ ಕೂದಲಲ್ಲೇ ನಿಂತಿತು.

ನನ್ನ ಗಂಡ ಶಿವಾನಂದ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟು. ಕಬ್ಬು ನುರಿಯುವ ಹಂಗಾಮಿನಲ್ಲಿ ವಾರಕ್ಕೊಮ್ಮೆ ಬಂದರೆ ಹೆಚ್ಚು. ಬಂದ ದಿನ ಮನೆಯೆಲ್ಲ ಕಾಕಂಬಿಯ ವಾಸನೆ. ವಿಷಯ ಕೇಳಿ ಅವನು ಚಹಾ ಬಸಿಯನ್ನು ಕೆಳಗಿಟ್ಟ.

“ಒಂದ್ ವರ್ಷ ಮನ್ಯಾಗ ಕುಂದ್ರಸಿ ನಾವ ಕಲಸೋಣು. ಆಕಾಶ ಏನ್ ಹರಕೊಂಡು ಬೀಳಂಗಿಲ್ಲ.”

“ನಾವು ಅಂದ್ರ ಯಾರ್ರಿ? ನೀವು ಹವಳಗಾದಾಗ ಇರ್ತೀರಿ, ನಾ ಮಂದಿ ಬಾಯಾಗ ಇರ್ತೇನಿ.”

“ಅದಕ್ಕ ಏನರ ಒಂದು ಚೊಲೋ ಕೋರ್ಸ್ ಹುಡುಕು. ಈಗ ಎಲ್ಲಾ ಫೋನ್ಯಾಗ ಸಿಗ್ತದ.”

ಹಾಗೆ ಗೌರಿಯನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದೆವು. ಗಣಿತ, ವಿಜ್ಞಾನ ನಾನು ನೋಡಿಕೊಳ್ಳಬಹುದಿತ್ತು. ಬರವಣಿಗೆಗೆ ಮಾತ್ರ ಹೊರಗಿನ ಆಸರೆ ಬೇಕಿತ್ತು. ಹುಡುಕಿದೆ. ಒಂದು ಸಲ ಹುಡುಕಿದ್ದೇ ತಪ್ಪಾಯಿತು. ಆಮೇಲೆ ಫೋನು ತೆರೆದಾಗಲೆಲ್ಲ ನಗುನಗುವ ಮಕ್ಕಳು ಪೆನ್ನು ಹಿಡಿದು ನನ್ನತ್ತ ಓಡಿಬರತೊಡಗಿದರು. ಒಬ್ಬರು ನಿಮ್ಮ ಮಗು ಕವಿಯಾಗುತ್ತದೆ ಎಂದರು. ಇನ್ನೊಬ್ಬರು ಅಕ್ಷರ ಮುತ್ತಾಗುತ್ತದೆ ಎಂದರು. ನನಗೆ ಮುತ್ತೂ ಬೇಕಿರಲಿಲ್ಲ, ಕವಿಯೂ ಬೇಕಿರಲಿಲ್ಲ. ಮುಂಜಾನೆ ಹೊಟ್ಟೆ ನೋಯದಿದ್ದರೆ ಸಾಕಿತ್ತು.

ಮೊದಲು ಬಂದದ್ದು ಆ ಪಾಟಿಯ ಪೆಟ್ಟಿಗೆ. ಅವರ ಪದ್ಧತಿಯಲ್ಲಿ ಅಕ್ಷರಕ್ಕೆ ಕೈ ಹಾಕುವ ಮೊದಲು ಗೆರೆ, ಕೊಕ್ಕೆ, ಸೊನ್ನೆಗಳನ್ನು ತಿದ್ದಿ ತಿದ್ದಿ ಕೈ ಪಳಗಿಸಬೇಕು. ಗೌರಿ ಒಂದು ಪಾಟಿ ತುಂಬ ಸೊನ್ನೆ ಬರೆದು, ಪ್ರತಿ ಸೊನ್ನೆಗೂ ಕಣ್ಣು ಮೂಗು ಮೀಸೆ ಇಟ್ಟು ನನ್ನ ಮುಂದೆ ಹಿಡಿದಳು. “ನಾ ಏನ್ ಅಂಗನವಾಡಿ ಹುಡುಗಿ ಇದ್ದೇನೇನು?”

ಅಂಗನವಾಡಿ ಎಂದದ್ದೇ ತಡ, ನನಗೆ ರಜಿಯಾ ಖಾಲಾ ನೆನಪಾದರು. ಮಗಳ ಪಾಠ ಒಂದು ಗಳಿಗೆ ಹಾಗೇ ಇರಲಿ, ಖಾಲಾರ ಪಾಠ ಹೇಳಿಬಿಡುತ್ತೇನೆ.

ಜೇವರ್ಗಿಯಲ್ಲಿ ನಮ್ಮದು ಫರಸಿಯ ಮನೆ. ನೆಲಕ್ಕೆಲ್ಲ ಶಹಾಬಾದದ ಹಾಸುಗಲ್ಲು. ಬಳಪ ಕೈಯಲ್ಲಿದ್ದರೆ ಮನೆಯೇ ಪಾಟಿ. ಬೇಸಗೆಯ ಮಧ್ಯಾಹ್ನ ಆ ಕಲ್ಲಿನ ತಂಪಿಗೆ ಬೆನ್ನು ಹಚ್ಚಿ ಅಪ್ಪ ಮಲಗುತ್ತಿದ್ದ. ಎದ್ದಾಗ ಅವನ ಬನಿಯನ್ನಿನ ಬೆನ್ನ ಮೇಲೆ ನಾನು ಬರೆದ ಕಾಗುಣಿತ ಉಲ್ಟಾ ಮೂಡಿರುತ್ತಿತ್ತು. ಹಾಗೆಯೇ ಸಂತೆಗೆ ಹೋಗಿ ಬದನೆಕಾಯಿ ಕೊಂಡು ಬಂದದ್ದೂ ಉಂಟು. ಯಾರೂ ಏನೂ ಕೇಳಲಿಲ್ಲವಂತೆ. ನನ್ನ ಕಾಗುಣಿತ ನೇರವಾಗಿದ್ದಾಗಲೂ ಯಾರಿಗೂ ತಿಳಿಯುತ್ತಿರಲಿಲ್ಲವೆನ್ನಿ.

ರಜಿಯಾ ಖಾಲಾ, ಅಂದರೆ ರಜಿಯಾ ಚಿಕ್ಕಮ್ಮ, ನಮ್ಮ ಮಗ್ಗುಲು ಮನೆಯವರು. ಉರ್ದುವನ್ನು ಮಲ್ಲಿಗೆ ಪೋಣಿಸಿದಂತೆ ಬರೆಯುತ್ತಿದ್ದರು. ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಅಂಗನವಾಡಿಯಲ್ಲಿ ಕೆಲಸ ಹಿಡಿಯಬೇಕೆಂಬ ಆಸೆ. ಅದಕ್ಕೆ ಕನ್ನಡ ಬೇಕು. ಓದುಬರಹ ಬಲ್ಲ ನಮ್ಮಪ್ಪನ ಮುಂದೆ ಕೂತು ಕಲಿಯಲು ಸಂಕೋಚ. ಒಂದು ದಿನ ಕಂಪೌಂಡಿನ ಆಚೆಯಿಂದ ನನ್ನನ್ನೇ ಕರೆದರು.

“ಬೇಟಿ, ನನಗ ಅ ಆ ಕಲಸ್ತೀ?”

ಎರಡನೆಯ ಇಯತ್ತೆಯ ನನಗೇ ಅದು ಪೂರ್ತಿ ಬರುತ್ತಿರಲಿಲ್ಲ. ಆದರೆ ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಅವರ ಮನೆಯ ಡಬ್ಬಿಯಲ್ಲಿ ಖಾರಿ ಬಿಸ್ಕೀಟು ಇರುತ್ತಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಮರುದಿನದಿಂದ ಶಾಲೆಯಲ್ಲಿ ಮಾಸ್ತರರನ್ನು ಪೀಡಿಸತೊಡಗಿದೆ. ‘ಮಳೆ’ಯ ಳ ಯಾವುದು, ‘ಎಲೆ’ಯ ಲ ಯಾವುದು, ಕ್ಕ ಬರೆಯುವಾಗ ಕೆಳಗಿನದು ಎಷ್ಟು ಸಣ್ಣದಿರಬೇಕು. ಸಂಜೆ ಖಾಲಾ ಕೇಳಿದರೆ ನನಗೆ ಉತ್ತರ ಗೊತ್ತಿರಬೇಕಲ್ಲ!

ಖಾಲಾರ ಮನೆಯ ಫರಸಿಯ ಮೇಲೆ ಇಬ್ಬರೂ ಮೊಣಕಾಲೂರಿ ಕೂರುತ್ತಿದ್ದೆವು. ಮೊದಲ ದಿನವೇ ಒಂದು ಪೇಚು. ನಾನು ಕಲ್ಲಿನ ಎಡತುದಿಯಿಂದ ಶುರುಮಾಡಿದರೆ ಅವರು ಬಲತುದಿಯಿಂದ ಬರುತ್ತಿದ್ದರು.

“ಖಾಲಾ, ಆ ಕಡಿಂದ ಅಲ್ಲ, ಈ ಕಡಿಂದ.”

“ಅರೆ ಬೇಟಿ, ನಮ್ಮ ಅಕ್ಷರ ಆ ಕಡಿಂದ ಬರ್ತಾವ, ನಿಮ್ಮವು ಈ ಕಡಿಂದ. ಬರ್ಲಿ ತಗೊ, ನಡು ಎಲ್ಯಾರ ಭೆಟ್ಟಿ ಆಗ್ತಾವ.”

ನನಗದು ಎಷ್ಟು ಹಿಡಿಸಿತೆಂದರೆ ನಾನೂ ಬಲದಿಂದ ಬರೆಯತೊಡಗಿದೆ. ನನ್ನ ಹೆಸರು ಸುಜಾತಾ. ಶಾಲೆಯಲ್ಲಿ ಪಾಟಿಯ ಮೇಲೆ ಹೆಸರು ಬರೆಯಲು ಹೇಳಿದಾಗ ಬಲದಿಂದ ಎಡಕ್ಕೆ ಬರೆದೆ. ಮಾಸ್ತರರು ಅದನ್ನು ಎಡದಿಂದ ಬಲಕ್ಕೆ ಓದಿದರು: “ತಾಜಾಸು.” ಇಡೀ ವರ್ಗ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಯಾಕೆಂದರೆ ಮಾಸ್ತರರು ಪಾಟಿಯನ್ನು ನನ್ನ ಕೈಗೇ ಕೊಟ್ಟು, “ಭಾಳ ಛಂದ ಹೆಸರು ಅದ. ಇವತ್ತಿನಿಂದ ನೀ ತಾಜಾ” ಎಂದುಬಿಟ್ಟರು. ನಾನು ಆ ಶಾಲೆ ಬಿಡುವವರೆಗೂ ದಿನಾ ಮುಂಜಾನೆ ಅವರದು ಅದೇ ಪ್ರಶ್ನೆ: “ಬಾರವಾ ತಾಜಾ, ಇವತ್ತಿನ ತಾಜಾ ಖಬರ್ ಏನು?” ನಾನು ಎದ್ದು ನಿಂತು ಹೇಳುತ್ತಿದ್ದೆ. ಎಮ್ಮೆ ಕರು ಹಾಕಿತು, ನಳಕ್ಕೆ ನೀರು ಬಂತು, ಅಪ್ಪ ಬೆನ್ನ ಮೇಲೆ ಕಾಗುಣಿತ ಹೊತ್ತು ಸಂತೆಗೆ ಹೋದ. ಹೇಳಿದ ಮೇಲೆ ಅದನ್ನೇ ಬರೆಯಬೇಕು. ಅದು ಪಾಠವೆಂದು ನನಗೆ ಹೊಳೆದಿರಲೇ ಇಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಖಾಲಾ ಕೂಡಿಸಿಕೊಂಡು ಓದಬಲ್ಲವರಾದರು. ಒಂದು ದಿನ ಗಂಡನೊಂದಿಗೆ ತವರಿಗೆಂದು ಹೊರಟವರು ನನ್ನನ್ನೂ ಬಸ್ ಸ್ಟ್ಯಾಂಡಿನತನಕ ಕರೆದೊಯ್ದರು. ಖಾಲಾ ಸಾಲಾಗಿ ನಿಂತ ಬಸ್ಸುಗಳ ಹಣೆ ನೋಡಿ ನಿಂತುಬಿಟ್ಟರು. “ಸಿಂ... ದ... ಗಿ. ಅರೆ, ಸಿಂದಗಿ! ಶ... ಹಾ... ಪು... ರ.” ಒಂದೊಂದು ಬಸ್ಸಿನ ಮುಂದೆಯೂ ನಿಂತು, ಬೆರಳು ಎತ್ತಿ, ಕಂಡಕ್ಟರನ ಮುಖ ನೋಡಿ ಸರಿಯೇ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಅಫಜಲಪುರದ ಬೋರ್ಡು ದೊಡ್ಡದು, ಅದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಅದನ್ನು ಗೆದ್ದು ಹಿಂತಿರುಗುವಷ್ಟರಲ್ಲಿ ಅವರು ಹತ್ತಬೇಕಿದ್ದ ಕಲಬುರಗಿಯ ಬಸ್ಸು ಹೋಗಿಯಾಗಿತ್ತು. ಗಂಡ ಸಿಡಿಮಿಡಿಗೊಂಡರು. ಖಾಲಾ ನನಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು:

“ಬಸ್ ಇನ್ನೊಂದು ಬರ್ತದ್ರೀ. ಮೊದಲನೇ ಸಲ ಓದೂದು ಇನ್ನೊಮ್ಮಿ ಬರ್ತದೇನು?”

ಅಂಗನವಾಡಿಯ ಕೆಲಸವೂ ಅವರಿಗೆ ಸಿಕ್ಕಿತು. ಜೇವರ್ಗಿಯ ಎಷ್ಟೋ ಮಕ್ಕಳು ಅವರ ತೊಡೆಯ ಮೇಲೆ ಕೂತು ಅ ಆ ಕಲಿತರು. ನಾನು ದೊಡ್ಡವಳಾಗಿ, ಊರು ಬಿಟ್ಟು, ಹಲ್ಲುಗಳಿಗೆಲ್ಲ ಲ್ಯಾಟಿನ್ ಹೆಸರು ಕಲಿತು ಬಂದೆ. ಆ ಫರಸಿಯ ತಂಪು ಮಾತ್ರ ಮೊಣಕಾಲಿನಲ್ಲಿ ಹಾಗೇ ಇದೆ. ಮೊಣಕಾಲು ನೋಯುವ ವಯಸ್ಸೂ ಬಂತೆನ್ನಿ.

ಇರಲಿ, ಗೌರಿಯ ಕತೆ ಅರ್ಧಕ್ಕೆ ನಿಂತಿದೆ.

ಪಾಟಿಯ ಪೆಟ್ಟಿಗೆ ವಾಪಸಾದ ಮೇಲೆ ಶಿವಾನಂದ ಆನ್‌ಲೈನ್ ಕ್ಲಾಸೊಂದನ್ನು ಹಿಡಿದುತಂದ. ಮಾದರಿ ತರಗತಿಗೆ ಗೌರಿ ಹೊಸ ಫ್ರಾಕು ಹಾಕಿಕೊಂಡು ಕೂತಳು. ಪರದೆಯ ಮೇಲೆ ಬಂದ ಮಿಸ್ಸು ಚೆಂದವಿದ್ದರು, ದನಿಯೂ ಚೆಂದ. “ಮಕ್ಕಳೇ, ಕಣ್ಣು ಮುಚ್ಚಿಕೊಳ್ಳಿ. ನೀವೀಗ ಕಡಲ ತೀರದಲ್ಲಿದ್ದೀರಿ. ಏನೇನು ಕಾಣಿಸುತ್ತಿದೆ?”

ಗೌರಿ ಕಣ್ಣು ಮುಚ್ಚಿದಳು. ಹುಬ್ಬು ಗಂಟಿಕ್ಕಿ ಬಹಳ ಪ್ರಯತ್ನಪಟ್ಟಳು. ಕೊನೆಗೆ ಕಣ್ಣು ಬಿಟ್ಟು ಹೇಳಿದಳು: “ಮಿಸ್, ನಮ್ಮ ಕಡಿ ಕಡ್ಲಿ ಅದಾವ್ರಿ, ಕಡಲ ಇಲ್ರಿ.”

ಪಕ್ಕದ ಕೋಣೆಯಲ್ಲಿ ನನ್ನ ಎದುರಿಗಿದ್ದ ರೋಗಿಗೂ ಅದು ಕೇಳಿಸಿ, ಬಾಯಲ್ಲಿ ಕನ್ನಡಿಯಿದ್ದಂತೆಯೇ ಅವನು ನಕ್ಕ. ಮಿಸ್ಸು ಮಾತ್ರ ನಗಲಿಲ್ಲ. “ಪುಟ್ಟಾ, ಮಾತಾಡುವಾಗಲೂ ಶುದ್ಧ ಕನ್ನಡ ಬಳಸೋಣ, ಆಯ್ತಾ?” ಎಂದು ಮೆತ್ತಗೆ ಹೇಳಿದರು. ಎಷ್ಟು ಮೆತ್ತಗೆ ಹೇಳಿದರೂ ಹುಡುಗಿಗೆ ನಾಟಿತು. ಗೌರಿ ಕ್ಯಾಮೆರಾ ಬಂದ್ ಮಾಡಿ, ರೋಗಿ ಎದ್ದುಹೋದ ಮೇಲೆ ನನ್ನ ಕುರ್ಚಿಯ ಮೇಲೆ ಬಂದು ಮಲಗಿದಳು. ಹೊಟ್ಟೆನೋವು. ಶಾಲೆಯನ್ನೂ ಬಿಡಿಸಿಯಾಗಿತ್ತು, ಅಂದು ಭಾನುವಾರವೂ ಆಗಿತ್ತು.

ನಾನು ನಿಜವಾಗಿ ಹೆದರಿದ್ದು ಆಗ.

ಮೂರನೆಯದನ್ನು ಹುಡುಕುವ ಉತ್ಸಾಹ ನನ್ನಲ್ಲಿ ಉಳಿದಿರಲಿಲ್ಲ. ಅಫಜಲಪುರದಲ್ಲಿ ಕಮಲಾಬಾಯಿ ಎಂಬ ನಿವೃತ್ತ ಟೀಚರೊಬ್ಬರಿದ್ದಾರೆ, ಮನೆಯಲ್ಲಿ ಕಲಿಯುವ ಮಕ್ಕಳಿಗೆ ಬರೆಯಲು ಕಲಿಸುತ್ತಾರೆ ಎಂದು ಶಿವಾನಂದನ ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರು. ಫೋನು ಮಾಡಿದೆ. ಹಿಂದೆ ಟಿ.ವಿ. ಧಾರಾವಾಹಿಯಲ್ಲಿ ಯಾರೋ ಜೋರಾಗಿ ಅಳುತ್ತಿದ್ದರು. ಅಳು ಮುಗಿಯುವವರೆಗೆ ನನ್ನನ್ನು ಕಾಯಿಸಿ ಆಮೇಲೆ ಕೇಳಿದರು:

“ಹುಡುಗಿ ಮನ್ಯಾಗ ಮಾತಾಡ್ತಾಳೇನ್ರಿ?”

ವಯಸ್ಸೆಷ್ಟು, ಅಕ್ಷರ ಹೇಗಿದೆ, ಗುರಿ ಏನು ಎಂದು ಕೇಳಿದವರೇ ಎಲ್ಲ. ಇದನ್ನು ಯಾರೂ ಕೇಳಿರಲಿಲ್ಲ.

“ಮಾತಾಡ್ತಾಳ್ರಿ. ನಿಲ್ಸೂದ ಕಷ್ಟ.”

“ಹಂಗಾದ್ರ ಚಿಂತಿ ಬಿಡ್ರಿ. ಆಕಿ ಹೇಳ್ಲಿ, ನೀವು ಬರೀರಿ. ಆಮ್ಯಾಲ ಅದನ್ನ ನೋಡಿ ಆಕಿ ಒಂದೋ ಎರಡೋ ಸಾಲು ಬರೀಲಿ. ಅದರ ಫೋಟೋ ನನಗ ಕಳಸ್ರಿ. ಒಂದ ಮಾತು, ಆಕಿ ಹೇಳಿದ್ದು ತಿದ್ದಬ್ಯಾಡ್ರಿ.”

“ಮತ್ತ ಪುಸ್ತಕದ ಕನ್ನಡ ಯಾವಾಗ್ರಿ?”

“ಅಂಗಿ ಹೊಲಿಸೂಣಂತ್ರಿ, ಮೊದಲ ಕೂಸು ಹೊರಗ ಬರ್ಲಿ.” ಮತ್ತೆ ಟಿ.ವಿ.ಯಲ್ಲಿ ಯಾರೋ ಅತ್ತರು. ಟೀಚರು ಫೋನು ಇಟ್ಟರು.

ಶಿವಾನಂದನಿಗೆ ಸಮಾಧಾನವಾಗಲಿಲ್ಲ. “ಇದೇನು ಕೋರ್ಸ್? ಪುಸ್ತಕ ಇಲ್ಲ, ಸರ್ಟಿಫಿಕೇಟ್ ಇಲ್ಲ. ಆಡಿದ್ದ ಬರಕೊಂಡು ಕುಂತ್ರ ನಾಳೆ ಪರೀಕ್ಷೆದಾಗ ಯಾರು ಮಾರ್ಕ್ಸ್ ಕೊಡ್ತಾರ?” ಅವನ ಮಾತಿನಲ್ಲಿ ನ್ಯಾಯವಿತ್ತು. ಅದೇ ಭಯ ನನಗೂ ಇತ್ತು. ಆದರೂ ಆರಿಸಿದೆ. ಪೆಟ್ಟಿಗೆ ಬಿಚ್ಚುವ ಕೆಲಸವಿಲ್ಲ ಎಂಬುದೊಂದು ಕಾರಣ. ಬೆಳಿಗ್ಗೆ ನಿಂತು ತಾಜಾ ಖಬರ್ ಹೇಳುತ್ತಿದ್ದ ಹುಡುಗಿಯ ನೆನಪು ಇನ್ನೊಂದು.

ಆ ವಾರವೇ ನಮ್ಮ ಬೀದಿಯಲ್ಲೊಂದು ಘಟನೆ ನಡೆದಿತ್ತು. ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ ಅಜ್ಜನೊಬ್ಬ ಬಾಯಿ ತೊಳೆಯಲು ಅದನ್ನು ಕಟ್ಟೆಯ ಮೇಲಿಟ್ಟ. ಮಂಗವೊಂದು ಎತ್ತಿಕೊಂಡು ಔಷಧದಂಗಡಿಯ ಬೋರ್ಡು ಹತ್ತಿತು. ಬಾಳೆಹಣ್ಣು ಕೊಟ್ಟು ಬಿಡಿಸಿಕೊಳ್ಳುವಷ್ಟರಲ್ಲಿ ಅರ್ಧ ಆಳಂದ ನೆರೆದಿತ್ತು. ಅಜ್ಜ ಸೆಟ್ಟು ತೊಳೆದು ಹಾಕಿಕೊಂಡು, “ನನಗಿಂತ ಅದಕ್ಕ ಛಲೋ ಕುಂತಿತ್ತು, ಡಾಕ್ಟರ್ರ” ಎಂದು ನನ್ನ ಕೆಲಸದ ಮೇಲೊಂದು ಟೀಕೆಯನ್ನೂ ಒಗೆದು ಹೋದ.

“ಅದನ್ನ ಹೇಳು, ಬರಕೋತೇನಿ” ಎಂದೆ. ಗೌರಿ ದವಾಖಾನೆಯ ಕುರ್ಚಿಯಲ್ಲಿ ಕೂತು, ಗುಂಡಿ ಒತ್ತಿ ಮೇಲೆ ಕೆಳಗೆ ಆಗುತ್ತ, ಕೈಕಾಲು ಆಡಿಸುತ್ತ ಹೇಳಿದಳು. ನಾನು ಎಂದಿಲ್ಲದ ಶ್ರದ್ಧೆಯಿಂದ, ಓದಲು ಬರುವಂಥ ಅಕ್ಷರದಲ್ಲಿ ಬರೆದೆ. ಮುಗಿದ ಮೇಲೆ ಅವಳು ಬಗ್ಗಿ ಓದಿದಳು. ಅಲ್ಲಿ ಹೀಗಿತ್ತು: “ಮಂಗವು ಹಲ್ಲಿನ ಸೆಟ್ಟನ್ನು ಬಾಯಿಗೆ ಹಾಕಿಕೊಂಡು ನಮ್ಮತ್ತ ನೋಡಿ ನಕ್ಕಿತು.”

“ಇದು ಯಾರು ಹೇಳಿದ್ದು?”

“ನೀನ ಹೇಳಿದಿ. ನಾ ಬರದೇನಿ.”

“ನಾ ಮಂಗ್ಯಾ ಅಂದೆ. ನೀ ಮಂಗವು ಬರದಿ.” ಅವಳು ಹಾಳೆಯನ್ನು ನನ್ನತ್ತ ನೂಕಿದಳು. “ನನ್ನ ಮಂಗ್ಯಾ ಹಿಂಗ ನಗಂಗಿಲ್ಲ.”

ತಿದ್ದಬೇಡಿ ಎಂದು ಹೇಳಿಸಿಕೊಂಡೂ ತಿದ್ದಿದ್ದೆ. ತಿದ್ದುತ್ತಿದ್ದೇನೆಂಬುದೇ ಗೊತ್ತಾಗಿರಲಿಲ್ಲ. ಪೆನ್ನು ಹಿಡಿದೊಡನೆ ನನ್ನ ಕನ್ನಡ ತಾನಾಗಿಯೇ ಇಸ್ತ್ರಿ ಅಂಗಿ ತೊಟ್ಟು ನಿಲ್ಲುತ್ತದೆ. ಈಗ ಬರೆಯುತ್ತಿರುವುದನ್ನೇ ನೋಡಿ. ಹೀಗೆ ನಾನು ಮನೆಯಲ್ಲಿ ಮಾತಾಡಿದರೆ ಅವ್ವ ನನಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾಳೆ.

ಸಾಲು ಹೊಡೆದುಹಾಕಿದೆ. “ಮತ್ತ ಹೇಳವಾ.” ಅವಳು ಹೇಳಿದಳು, ನಾನು ಬರೆದೆ: “ಮಂಗ್ಯಾ ಸೆಟ್ಟ ಬಾಯಾಗ ಹಾಕ್ಕೊಂಡು ನಮ್ಮ ಕಡಿ ನೋಡಿ ಹಲ್ಕಿಸದು ನಕ್ತು.” ಗೌರಿ ಅದನ್ನು ಓದಿಕೊಂಡಳು. ಮತ್ತೊಮ್ಮೆ ಓದಿಕೊಂಡಳು. ಆಮೇಲೆ ತನ್ನ ಮಂಗ್ಯಾನನ್ನು ನೋಡಿ ತಾನೇ ನಕ್ಕಳು. ಪೆನ್ಸಿಲು ಕೇಳಿ ತೆಗೆದುಕೊಂಡು ಕೆಳಗೆ ಅದೇ ಸಾಲನ್ನು ಬರೆದಳು. ಸೆಟ್ಟಿನ ಒತ್ತು ಬಿದ್ದುಹೋಗಿತ್ತು. ಮಂಗ್ಯಾನ ಯ ಎಲ್ಲೋ ಜಾರಿತ್ತು. ಸಾಲು ಮಾತ್ರ ಕೊನೆ ಮುಟ್ಟಿತ್ತು.

ದಿನವೂ ಹೀಗೇ ನಡೆಯಿತು. ಕೆಲವು ದಿನ ಒಂದು ಸಾಲು, ಕೆಲವು ದಿನ ಪೆನ್ಸಿಲನ್ನು ಮುಟ್ಟುತ್ತಲೂ ಇರಲಿಲ್ಲ. ಕಮಲಾಬಾಯಿ ಟೀಚರು ಫೋಟೋ ನೋಡಿ, “ಮಂಗ್ಯಾ ಬಾಳೆಹಣ್ಣ ಸುಲದು ತಿಂತೋ, ಹಂಗ ತಿಂತೋ?” ಎಂಬಂಥ ಪ್ರಶ್ನೆ ಕಳಿಸುತ್ತಿದ್ದರು. ಗೌರಿಗೆ ಉತ್ತರ ಬರೆಯದೆ ಇರಲಾಗುತ್ತಿರಲಿಲ್ಲ.

ಮಾಗಿಯ ಚಳಿ ಶುರುವಾದಾಗ ಒಂದು ಮಧ್ಯಾಹ್ನ ಖಜೂರಿ ಊರಿನ ಲಾರಿ ಡ್ರೈವರೊಬ್ಬ ದವಡೆ ಹಲ್ಲು ಕೀಳಿಸಿಕೊಂಡ. ಹತ್ತಿ ಕಚ್ಚಿಸಿ, ಸ್ವಲ್ಪ ಹೊತ್ತು ಮಾತಾಡಬೇಡ ಎಂದು ಹೊರಗಿನ ಬೆಂಚಿಗೆ ಕಳಿಸಿದೆ. ಅವನು ಗೌರಿಗೆ ಏನೋ ಸನ್ನೆ ಮಾಡಿದ. ಅವಳು ಮೇಜಿನ ಮೇಲಿನ ಪ್ಯಾಡು, ಪೆನ್ನು ತಂದುಕೊಟ್ಟಳು. ಅವನು ಬರೆದ. ಅವಳು ಓದಿ, ಉತ್ತರ ಹೇಳಲು ಬಾಯಿ ತೆರೆದವಳು ಟಪ್ಪನೆ ಮುಚ್ಚಿಕೊಂಡು, ಪ್ಯಾಡು ಕಸಿದುಕೊಂಡು ತಾನೂ ಬರೆದಳು. ಅವನಿಗೆ ಕಿವಿ ಕೇಳುತ್ತಿತ್ತು, ಇವಳಿಗೆ ಬಾಯಿ ಇತ್ತು. ಇಬ್ಬರಿಗೂ ಅದರ ನೆನಪಾಗಲಿಲ್ಲ. ಪ್ಯಾಡು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಹಾರಿತು. ಒಳಗೆ ನನ್ನ ಇನ್ನೊಬ್ಬ ರೋಗಿ ಬಾಯಿ ತೆರೆದುಕೊಂಡೇ ಕಾಯುತ್ತಿದ್ದ. ನಾನು ಬಾಗಿಲಲ್ಲಿ ನಿಂತೇ ಇದ್ದೆ.

ರಾತ್ರಿ ಊಟಕ್ಕೆ ಕೂತಾಗ ಅವಳೇ ಹೇಳಿದಳು.

“ಆ ಲಾರಿ ಕಾಕಾಗ ಐಸ್‌ಕ್ರೀಮ್ ಬರಿಯಾಕ ಬರಂಗಿಲ್ಲ, ಮಮ್ಮಿ. ಒತ್ತು ಎಲ್ಲಾ ತಪ್ಪು. ನಾ ಬರದು ತೋರಿಸ್ದೆ.”

“ಹೌದೇನು?”

“ಹೂಂ.” ಅವಳು ರೊಟ್ಟಿ ಮುರಿದಳು. “ಆದ್ರ ನಾ ನಗಲಿಲ್ಲ.”

ನಾನು ಏಳಬೇಕಾಯಿತು. ಪಲ್ಯ ತರುತ್ತೇನೆಂದು ಅಡುಗೆಮನೆಗೆ ಹೋಗಿ ಒಂದಷ್ಟು ಹೊತ್ತು ಪಲ್ಯವನ್ನೇ ನೋಡುತ್ತ ನಿಂತೆ.

ಬೇಸಗೆಯಲ್ಲಿ ಕಮಲಾಬಾಯಿ ಟೀಚರು ಅಂಗಿ ಹೊಲಿಯಲು ಶುರುಮಾಡಿದರು. ಅದೇ ಮಂಗ್ಯಾನ ಕತೆಯನ್ನು ಶಾಲೆಯ ಕನ್ನಡದಲ್ಲಿ ಬರೆಯಬೇಕು. ಗೌರಿ ಈಗ ಹಟ ಮಾಡಲಿಲ್ಲ. ಮನಿ ಮಂಗ್ಯಾ ಬೇರೆ, ಸಾಲಿ ಮಂಗ್ಯಾ ಬೇರೆ ಎಂದು ತಾನೇ ಲೆಕ್ಕ ಹಾಕಿಕೊಂಡಳು. ಸಾಲಿ ಮಂಗ್ಯಾ ನಕ್ಕಿತು ಎಂದು ಬರೆಯುವಾಗ ಸ್ವಲ್ಪ ಗಂಭೀರವಾಗಿ ನಗುತ್ತಿದೆ ಎಂಬಂತೆ ಮುಖ ಮಾಡುತ್ತಿದ್ದಳು. ಈ ಜೂನ್‌ನಲ್ಲಿ ಮತ್ತೆ ಶಾಲೆಗೆ ಹೋದಳು. ಒತ್ತುಗಳು ಈಗಲೂ ಅಲ್ಲಲ್ಲಿ ಬೀಳುತ್ತವೆ, ಮಾರ್ಕ್ಸು ಹೇಳಿಕೊಳ್ಳುವಂತಿಲ್ಲ. ಹೊಟ್ಟೆನೋವು ಒಮ್ಮೆ ಬಂದಿತ್ತು. ಅದು ಪೇರಲ ಹಣ್ಣು ತಿಂದದ್ದಕ್ಕೆ.

ಹೋದ ಶನಿವಾರ ಮಧ್ಯಾಹ್ನ ನಾನು ಊಟ ಮುಗಿಸಿ ದವಾಖಾನೆಯ ಬಾಗಿಲು ತೆಗೆದರೆ ಹೊರಗೆ ಮಂದಿ ತುಂಬಿದ್ದರು. ಯಾರೂ ಕೂಗಿಲ್ಲ, ಬಡಿದಿಲ್ಲ, ಶಿಸ್ತಾಗಿ ಬೆಂಚಿನ ಮೇಲೆ ಕೂತಿದ್ದಾರೆ. ಇಷ್ಟು ವರ್ಷದಲ್ಲಿ ನನ್ನ ಊಟಕ್ಕೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ. ತಿರುಗಿ ನೋಡಿದರೆ ಬಾಗಿಲಿಗೆ ಒಂದು ಹಾಳೆ ಅಂಟಿತ್ತು. ಯಾರೂ ಹೇಳದೆ, ಯಾರನ್ನೂ ಕೇಳದೆ ಗೌರಿ ಬರೆದದ್ದು:

“ಮಮ್ಮಿ ಊಟಾ ಮಾಡಾಕತ್ತಾಳ. ಭಾಳ ನೋವು ಇದ್ದವ್ರು ಬಾಗಲಾ ಬಡೀರಿ. ಥೋಡೆ ನೋವು ಇದ್ದವ್ರು ಕುಂದರ್ರಿ.”

ಸಾಲಿನ ತುದಿಯಲ್ಲಿ ಕೂತಿದ್ದ ಹೆಂಗಸು ಗಲ್ಲ ಹಿಡಿದುಕೊಂಡೇ ಎದ್ದು ನಿಂತಳು. ಆಗಿನಿಂದ ಆ ಹಾಳೆಯನ್ನೇ ಓದುತ್ತ ಕೂತಿದ್ದಳೆಂದು ಕಾಣುತ್ತದೆ.

“ನಂದು ಭಾಳೋ ಥೋಡೆನೋ ತಿಳೀವಲ್ದು ನೋಡ್ರಿ ಮಮ್ಮಿ” ಎಂದಳು. “ಅದಕ್ಕ ಒಂದ್ಸಲ ಬಡಿಯಾಕ ಎದ್ದೆ, ಮತ್ತ ಕುಂತೆ.”